ಡಾಕ್ಟರ್ ಮಾತಿಗಿಂತ ವಾಟ್ಸಾಪ್ ಮಾತು ಯಾಕೆ ನಾಟುತ್ತದೆ? ದಾವಣಗೆರೆ, ದುರ್ಗದ ಕಡೆಯವರು ಹೇಳಿ

ಹದಡಿ ರೋಡ್ ಸೊಸೆ

ಆರೋಗ್ಯದ ವಿಷಯಕ್ಕೆ ನಮ್ಮ ಜನ ವಾಟ್ಸಾಪ್, ಯೂಟ್ಯೂಬ್, ರೀಲ್ಸ್ ನಂಬೋದು ಯಾಕೆ? ‘ಓದಿಲ್ಲ, ಬುದ್ಧಿ ಇಲ್ಲ’ ಅನ್ನೋ ಉತ್ತರ ದಯವಿಟ್ಟು ಬೇಡ. ಅದು ಸುಳ್ಳು ಅಂತ ನಮ್ಮ ಮನೆಯಲ್ಲೇ ಗೊತ್ತಾಗಿದೆ. ನಮ್ಮ ಅತ್ತೆ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಕಿರಾಣಿ ಬಿಲ್ಲಿನಲ್ಲಿ ಎರಡು ರೂಪಾಯಿ ಜಾಸ್ತಿ ಬಂದರೂ ವಾಪಸ್ ಹೋಗಿ ಕೇಳುತ್ತಾರೆ. ಅಂಥವರು ಒಂದು ವಿಡಿಯೋ ನೋಡಿ ರಾತ್ರಿಯ ಶುಗರ್ ಮಾತ್ರೆ ಬಿಟ್ಟು, ಮೆಂತ್ಯ ನೆನೆಸಿದ ನೀರು ಶುರು ಮಾಡಿದ್ದರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ರಿಪೋರ್ಟ್ ಬಂದಾಗಲೇ ಗುಟ್ಟು ಹೊರಬಿದ್ದದ್ದು.

“ಯಾಕತ್ತೆ, ಡಾಕ್ಟರ್ ಹೇಳಿದ್ದಕ್ಕಿಂತ ಆ ವಿಡಿಯೋದವನು ಹೇಳಿದ್ದೇ ಹೆಚ್ಚಾಯ್ತಾ?” ಅಂತ ಕೇಳಿದೆ.

“ಡಾಕ್ಟ್ರು ಏನ್ ಹೇಳಿದ್ರಮ್ಮ? ಬರೆದುಕೊಟ್ರು ಅಷ್ಟೆ. ಹೇಳಿದ್ದು ಇವನು” ಅಂದರು.

ನನಗೆ ಉತ್ತರ ಹೊಳೆಯಲಿಲ್ಲ. ನಿಮ್ಮ ಮನೆಗಳಲ್ಲಿ ಹೇಗೆ?

ಗಡಿಯಾರ ಕಂಬ

ಅತ್ತೆ ಒಂದೇ ಮಾತಲ್ಲಿ ಮುಗಿಸಿಬಿಟ್ಟಿದ್ದಾರೆ. ಇನ್ನು ನಾವು ಸುಮ್ನೆ ಎಳೆಯೋದು. ಆದರೂ ಎಳೆಯೋಣ, ಭಾನುವಾರ ಅಲ್ವಾ.

ಹೌಸ್‌ಸರ್ಜನ್

ಬೈಸಿಕೊಳ್ಳೋ ಪಾರ್ಟಿಯವನು ನಾನು. ದಾವಣಗೆರೆಯಲ್ಲೇ ಓದಿ ಇಲ್ಲೇ ಡ್ಯೂಟಿ ಮಾಡುತ್ತಿದ್ದೇನೆ.

ಮೇಡಂ, ನಿಮ್ಮ ಅತ್ತೆ ಹೇಳಿದ್ದು ನಿಜ. 2017ರಲ್ಲಿ ಬಿಎಂಜೆ ಓಪನ್ ಪತ್ರಿಕೆಯಲ್ಲಿ 67 ದೇಶಗಳ ಲೆಕ್ಕ ಬಂದಿತ್ತು, ಡಾಕ್ಟರು ಒಬ್ಬ ರೋಗಿಗೆ ಎಷ್ಟು ಹೊತ್ತು ಕೊಡುತ್ತಾರೆ ಅಂತ. ಸ್ವೀಡನ್‌ನಲ್ಲಿ 22 ನಿಮಿಷಕ್ಕೂ ಮೇಲೆ. ನಮ್ಮ ದೇಶದಲ್ಲಿ ಸುಮಾರು 2 ನಿಮಿಷ. ಬಾಂಗ್ಲಾದೇಶದಲ್ಲಿ ಇನ್ನೂ ಕಡಿಮೆ, 48 ಸೆಕೆಂಡ್. ಸೋಮವಾರ ಬೆಳಿಗ್ಗೆ ನಮ್ಮ ಓಪಿಡಿಗೆ ಒಂದು ಸಲ ಬಂದು ನೋಡಿ, ಜಗಳೂರು, ಹರಪನಹಳ್ಳಿ, ಹೊನ್ನಾಳಿ, ಚನ್ನಗಿರಿ, ಆಕಡೆ ರಾಣೇಬೆನ್ನೂರಿನಿಂದಲೂ ಬೆಳಗಿನ ಬಸ್ಸಿಗೆ ಹೊರಟು ಬಂದವರು ಚೀಟಿ ಹಿಡಿದು ಬಾಗಿಲ ತನಕ ನಿಂತಿರುತ್ತಾರೆ. ಆ 2 ನಿಮಿಷದಲ್ಲಿ ಬಿಪಿ ನೋಡಬೇಕು, ಹಳೇ ರಿಪೋರ್ಟ್ ಬಿಚ್ಚಬೇಕು (ಅದು ಯಾವಾಗಲೂ ಕವರಿನೊಳಗಿನ ಕವರಿನೊಳಗಿನ ಕವರಿನಲ್ಲಿ ಇರುತ್ತದೆ), ಮಾತ್ರೆ ಬರೆಯಬೇಕು. ಈ ಮಾತ್ರೆ ಯಾಕೆ, ಎಷ್ಟು ವರ್ಷ, ಬಿಟ್ಟರೆ ಏನಾಗುತ್ತೆ ಅನ್ನೋದು ಹೇಳೋ ಹೊತ್ತಿಗೆ ಮುಂದಿನವರು ಸ್ಟೂಲಿನ ಮೇಲೆ ಕೂತಾಗಿರುತ್ತದೆ.

ವಿಡಿಯೋದವನಿಗೆ ಅವಸರ ಇಲ್ಲ. ಕೊರಳಿಗೆ ಸ್ಟೆತಸ್ಕೋಪ್ ಹಾಕಿಕೊಂಡು, ‘ಅಮ್ಮಂದಿರೇ, ನಿಮ್ಮ ನೋವು ನನಗೆ ಅರ್ಥವಾಗುತ್ತೆ’ ಅಂತ ಶುರು ಮಾಡಿ ಹತ್ತು ಹದಿನೈದು ನಿಮಿಷ ಮಾತಾಡುತ್ತಾನೆ. ಅರ್ಥ ಆಗದಿದ್ದರೆ ಹಿಂದಕ್ಕೆ ಎಳೆದು ಮತ್ತೆ ಕೇಳಬಹುದು. ನನ್ನ ಹತ್ತಿರ ಎರಡನೇ ಸಲ ಕೇಳಿದರೆ ನನ್ನ ಮುಖ ಹೇಗಾಗುತ್ತೆ ಅಂತ ರೋಗಿಗೆ ಗೊತ್ತು.

ಇನ್ನೊಂದು ವಿಷಯ. ಮೆಂತ್ಯ ಪೂರ್ತಿ ಸುಳ್ಳಲ್ಲ. ಅದರಲ್ಲಿ ನಾರು ಜಾಸ್ತಿ, ಊಟ ಆದಮೇಲೆ ಸಕ್ಕರೆ ಏರೋದನ್ನ ಒಂದಿಷ್ಟು ತಗ್ಗಿಸಬಹುದು. ಮಾತ್ರೆಯ ಜೊತೆಗೆ ಕುಡಿದರೆ ಯಾರ ತಕರಾರೂ ಇಲ್ಲ. ಮಾತ್ರೆಯ ಬದಲಿಗೆ ಕುಡಿಯಿರಿ ಅನ್ನೋದೇ ಕೆಡುಕು. ಶುಗರ್ ಏರಿದರೆ ಮೊದಮೊದಲು ನೋವಿಲ್ಲ, ಜ್ವರ ಇಲ್ಲ, ಹಾಗಾಗಿ ‘ಮಾತ್ರೆ ಬಿಟ್ಟೆ, ಏನೂ ಆಗಲಿಲ್ಲ’ ಅನ್ನಿಸುತ್ತದೆ. ಚಿಕ್ಕ ವಯಸ್ಸಿನಲ್ಲೇ ಬರುವ ಟೈಪ್ 1 ಸಕ್ಕರೆ ಕಾಯಿಲೆಯವರು ಮಾತ್ರ ಇನ್ಸುಲಿನ್ ಬಿಟ್ಟರೆ ಕೆಲವೇ ದಿನಗಳಲ್ಲಿ ಜೀವಕ್ಕೇ ಅಪಾಯ. ವಿಡಿಯೋದಲ್ಲಿ ಟೈಪ್ 1, ಟೈಪ್ 2 ಅಂತ ಬೇರೆ ಮಾಡಿ ಹೇಳಿದ್ದು ನಾನಂತೂ ಅಪರೂಪಕ್ಕೆ ನೋಡಿದ್ದೇನೆ.

ಔಷಧಿ ಅಂಗಡಿ, ನಿಟ್ಟುವಳ್ಳಿ

ಕೌಂಟರಿನ ಈಚೆಯಿಂದ ಕಂಡದ್ದು ಹೇಳುತ್ತೇನೆ. ಮೊದಲು ಜನ ಖಾಲಿ ಮಾತ್ರೆ ಶೀಟು ತಂದು ‘ಇದೇ ಕೊಡಿ’ ಅನ್ನುತ್ತಿದ್ದರು. ಈಗ ಫೋನ್ ತಿರುಗಿಸಿ ಸ್ಕ್ರೀನ್‌ಶಾಟ್ ತೋರಿಸುತ್ತಾರೆ.

ಮೊನ್ನೆ ಕಾಲೇಜು ಹುಡುಗಿ ಒಬ್ಬಳು ಬಂದಳು. ರೀಲ್ಸಿನಲ್ಲಿ ಯಾರೋ ಮೂರು ಟ್ಯೂಬಿನ ಕ್ರೀಮ್ ಒಂದು ಬಟ್ಟಲಿಗೆ ಹಿಂಡಿ, ಕಲಸಿ, ಮುಖಕ್ಕೆ ಹಚ್ಚಿ, ಏಳು ದಿನದಲ್ಲಿ ಬೆಳ್ಳಗಾಗಿದ್ದು ತೋರಿಸಿದ್ದಾರೆ. ಹೆಸರು ಓದಿದೆ. ಒಂದರಲ್ಲಿ ಬೇಟಾಮೆಥಾಸೋನ್, ಅಂದರೆ ಸ್ಟಿರಾಯ್ಡ್. 2018ರಿಂದ ಇಂಥ ಸ್ಟಿರಾಯ್ಡ್ ಕ್ರೀಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ. ಕೊಡಲ್ಲಮ್ಮ ಅಂದೆ. “ಅಂಕಲ್, ಕಾಮೆಂಟ್ ನೋಡಿ, ಎಲ್ಲರಿಗೂ ವರ್ಕ್ ಆಗಿದೆ” ಅಂದಳು. ವರ್ಕ್ ಆಗೋದು ನಿಜ! ಮೊದಲ ವಾರ ಮುಖ ಫಳಫಳ ಅನ್ನುತ್ತೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತೆ, ಬಿಸಿಲಿಗೆ ಹೋದರೆ ಉರಿಯುತ್ತೆ, ಮೊಡವೆ ಏಳುತ್ತೆ, ಬೇಡದ ಕಡೆ ಕೂದಲು ಬರುತ್ತೆ, ನಿಲ್ಲಿಸಿದರೆ ಇನ್ನೂ ಕೆಂಪಾಗುತ್ತೆ. ಮೊದಲ ವಾರದ ಮುಖ ರೀಲ್ಸಿಗೆ ಹೋಗುತ್ತದೆ, ಮೂರನೇ ತಿಂಗಳಿನ ಮುಖ ಚರ್ಮದ ಡಾಕ್ಟರ್ ಹತ್ತಿರ ಹೋಗುತ್ತದೆ. ಎರಡನ್ನೂ ಒಟ್ಟಿಗೆ ನೋಡಿದವರು ಯಾರು?

ಹುಳಕಡ್ಡಿಯದ್ದೂ ಇದೇ ಕತೆ. ಸ್ಟಿರಾಯ್ಡ್ ಬೆರೆಸಿದ ಕ್ರೀಮ್ ಹಚ್ಚಿದ ದಿನವೇ ತುರಿಕೆ ನಿಲ್ಲುತ್ತದೆ. ಆದರೆ ಅದಕ್ಕೆ ಕಾರಣವಾದ ಬೂಷ್ಟು (ಫಂಗಸ್) ಸಾಯೋದಿಲ್ಲ, ಒಳಗೊಳಗೇ ಹರಡುತ್ತದೆ. ಆಮೇಲೆ ಸರಿಯಾದ ಔಷಧಕ್ಕೂ ಬಗ್ಗೋದಿಲ್ಲ.

ಜನರನ್ನು ದೂರಲ್ಲ ನಾನು. ಡಾಕ್ಟರ್ ಫೀಸು, ಬಸ್ ಚಾರ್ಜು, ಒಂದು ದಿನದ ಕೂಲಿ ಮೂರೂ ಹೋಗುತ್ತೆ. ಅದಕ್ಕಿಂತ ರೀಲ್ಸ್ ಅಗ್ಗ.

ದುರ್ಗದ ಹೈದ

ಎಲ್ಲಾ ಸರಿ ಸಾರ್, ಆದರೆ ನಮ್ಮ ಹಳ್ಳಿ ಮದ್ದೆಲ್ಲ ಸುಳ್ಳು ಅನ್ನೋ ಹಾಗೆ ಮಾತಾಡಬೇಡಿ. ನಮ್ಮಪ್ಪನಿಗೆ ಸೊಂಟದ ಸುತ್ತ ಸರ್ಪಸುತ್ತು ಎದ್ದಿತ್ತು. ವಿಡಿಯೋದಲ್ಲಿ ತೋರಿಸಿದ ಹಾಗೆ ಕೆಮ್ಮಣ್ಣು ಕಲಸಿ ಹಚ್ಚಿದೆವು. ಎರಡು ಮೂರು ವಾರಕ್ಕೆ ಒಣಗಿ ಉದುರಿ ಹೋಯಿತು. ಕಣ್ಣಾರೆ ಕಂಡಿದ್ದನ್ನ ನಂಬಬಾರದಾ? ಅದೇ ವಿಡಿಯೋನ ನಾನೂ ನಾಲ್ಕು ಮಂದಿಗೆ ಕಳಿಸಿದ್ದೇನೆ, ಯಾಕೆ ಕಳಿಸಬಾರದು?

ಹೌಸ್‌ಸರ್ಜನ್

ಅಣ್ಣಾ, ಕಣ್ಣಾರೆ ಕಂಡಿದ್ದು ನಿಜವೇ. ಆದರೆ ಮಣ್ಣು ಹಚ್ಚದೆ ಬಿಟ್ಟಿದ್ದರೂ ಎರಡರಿಂದ ನಾಲ್ಕು ವಾರದಲ್ಲಿ ಒಣಗುತ್ತಿತ್ತು. ಸರ್ಪಸುತ್ತು ಅಂದರೆ ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ತಂದ ವೈರಸ್ಸೇ. ಅದು ನರದೊಳಗೆ ಸುಮ್ಮನೆ ಕೂತಿದ್ದು, ವಯಸ್ಸಾದ ಮೇಲೋ ಮೈ ಸೋತಾಗಲೋ ಆ ನರದ ದಾರಿಗುಂಟ ಮತ್ತೆ ಏಳುತ್ತದೆ. ಸುಮಾರು ಜನಕ್ಕೆ ತಾನಾಗೇ ಮಾಯುತ್ತದೆ. ಕೆಲವರಿಗೆ ಗುಳ್ಳೆ ಹೋದಮೇಲೂ ನರದ ಉರಿ ತಿಂಗಳುಗಟ್ಟಲೆ ಉಳಿಯುತ್ತೆ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ತಡೆಯೋ ಮಾತ್ರೆ ಶುರು ಮಾಡಿದರೆ ಕಾಯಿಲೆ ಬೇಗ ಇಳಿಯುತ್ತದೆ. ಮಣ್ಣು ಹಚ್ಚಿ ಕಾಯುತ್ತಾ ಕೂತರೆ ಆ 72 ಗಂಟೆ ಕೈ ಬಿಟ್ಟು ಹೋಗುತ್ತದೆ. ಕಣ್ಣಿನ ಹತ್ತಿರ ಎದ್ದರಂತೂ ತಡ ಮಾಡಲೇಬಾರದು, ದೃಷ್ಟಿಗೇ ಕುತ್ತು.

ಕಾಮಾಲೆಯೂ ಹೀಗೆ. ನೀರಿನಿಂದ ಬರುವ ಹೆಪಟೈಟಿಸ್ ಎ ಹೆಚ್ಚಿನವರಲ್ಲಿ ತಾನಾಗೇ ವಾಸಿಯಾಗುತ್ತದೆ. ಆ ಹೊತ್ತಿನಲ್ಲಿ ಯಾರು ಏನು ಕುಡಿಸಿದ್ದರೋ ಅವರಿಗೇ ಹೆಸರು. ಆದರೆ ಕಣ್ಣು ಹಳದಿ ಆಗೋಕೆ ಪಿತ್ತಕೋಶದ ಕಲ್ಲೂ ಕಾರಣ ಇರಬಹುದು, ಕ್ಯಾನ್ಸರೂ ಇರಬಹುದು. ಗರ್ಭಿಣಿಗೆ ಹೆಪಟೈಟಿಸ್ ಇ ಬಂದರೆ ತುಂಬಾ ಅಪಾಯ. ಬರೀ ಕಣ್ಣು ನೋಡಿ ಯಾವುದು ಅಂತ ನನಗೂ ಗೊತ್ತಾಗಲ್ಲ, ರಕ್ತ ಪರೀಕ್ಷೆ ಮಾಡಲೇಬೇಕು.

ದುರ್ಗದ ಹೈದ

ಸರಿ ಸಾರ್. ಆದರೆ ಇದನ್ನ ಇಷ್ಟು ಬಿಡಿಸಿ ನಮಗೆ ಮೊದಲು ಯಾರೂ ಹೇಳಿರಲಿಲ್ಲ ಅನ್ನೋದೂ ಬರೆದುಕೊಳ್ಳಿ. ನೀವೂ ಈಗ ಇಲ್ಲಿ ಫೋನಿನಲ್ಲೇ ಹೇಳಿದ್ದು, ಆಸ್ಪತ್ರೆಯಲ್ಲಲ್ಲ.

ಗಡಿಯಾರ ಕಂಬ

ಏಟು ಬಿತ್ತು ಡಾಕ್ಟ್ರೇ 😄

ನಿರ್ವಾಹಕ

ಒಂದು ಕಾಮೆಂಟ್ ತೆಗೆದಿದ್ದೇನೆ. ಮಂಡಿನೋವಿನ ಎಣ್ಣೆ, ಮೊದಲ 50 ಜನಕ್ಕೆ ರಿಯಾಯಿತಿ, ಫೋನ್ ನಂಬರ್ ಸಮೇತ. ಈ ಚರ್ಚೆಯೊಳಗೇ ಬಂದು ಮಾರುತ್ತಾರೆ ಅಂದರೆ ಧೈರ್ಯ ಮೆಚ್ಚಬೇಕು.

ಕುಂದವಾಡ ಕೆರೆ ಮೇಷ್ಟ್ರು

ನಾನು ನಿವೃತ್ತ. ಬೆಳಿಗ್ಗೆ ಕೆರೆ ಏರಿ ಮೇಲೆ ವಾಕಿಂಗ್ ಮಾಡುವವರದೊಂದು ಗ್ರೂಪ್ ಇದೆ, ಅದರ ಅಡ್ಮಿನ್ ಕೂಡ ನಾನೇ. ಇಲ್ಲಿ ಎಲ್ಲರೂ ಕಳಿಸುವವರನ್ನ ಪೆದ್ದರು ಅಂದುಕೊಂಡ ಹಾಗಿದೆ. ಕಳಿಸುವವರ ಕಡೆಯಿಂದಲೂ ಒಂದು ಮಾತು ಕೇಳಿ.

ನಮ್ಮ ಗ್ರೂಪಿನಲ್ಲಿ ಹೆಚ್ಚಿನವರ ಮಕ್ಕಳು ಬೆಂಗಳೂರು, ಪುಣೆ, ಇನ್ನು ಕೆಲವರು ಅಮೆರಿಕ. ಬೆಳಿಗ್ಗೆ ಎದ್ದು ‘ಚೆನ್ನಾಗಿದ್ದೀಯಾ’ ಅಂತ ದಿನಾ ಕೇಳಿದರೆ ಮಕ್ಕಳಿಗೆ ಬೇಜಾರು. ಅದೇ ‘ಖಾಲಿ ಹೊಟ್ಟೆಗೆ ಟೀ ಕುಡಿಯಬೇಡಿ’ ಅಂತ ಒಂದು ಫಾರ್ವರ್ಡ್ ಕಳಿಸಿದರೆ ಒಂದು ಹೆಬ್ಬೆರಳಾದರೂ ವಾಪಸ್ ಬರುತ್ತದೆ. ಬದುಕಿದ್ದಾನೆ ಅಂತ ಗೊತ್ತಾಗುತ್ತೆ. ಅದರೊಳಗೆ ಬರೆದಿರೋದು ನಿಜವೋ ಸುಳ್ಳೋ ಅನ್ನೋದು ಆಮೇಲಿನ ಮಾತು. ಗ್ರೂಪಿನಲ್ಲೂ ಅಷ್ಟೆ. ಮೂವತ್ತು ವರ್ಷದಿಂದ ಗೊತ್ತಿರೋ ಗೆಳೆಯ ಕಳಿಸಿದ್ದಕ್ಕೆ ‘ಆಧಾರ ಏನು’ ಅಂತ ಕೇಳೋದು ಹೇಗೆ? ಮದುವೆ ಮನೆಯಲ್ಲಿ ಕೂತು ಊಟ ಮಾಡುತ್ತಾ ಎಣ್ಣೆ ಯಾವುದು ಹಾಕಿದ್ದೀರಿ ಅಂತ ಕೇಳಿದ ಹಾಗಾಗುತ್ತದೆ.

ಮತ್ತೆ ಕೋವಿಡ್ ಹೊತ್ತಿನಲ್ಲಿ ಆಸ್ಪತ್ರೆ ಬಾಗಿಲೇ ಮುಚ್ಚಿದ ಹಾಗಿತ್ತು. ಹಾಸಿಗೆ ಎಲ್ಲಿ ಖಾಲಿ ಇದೆ, ಆಕ್ಸಿಜನ್ ಎಲ್ಲಿ ಸಿಗುತ್ತೆ ಅಂತ ಹೇಳಿದ್ದು ಇದೇ ವಾಟ್ಸಾಪು. ಅದೇ ಕೈಯಲ್ಲಿ ಬಂದ ಕಷಾಯದ ರೆಸಿಪಿಯನ್ನ ಮಾತ್ರ ಅನುಮಾನಿಸು ಅಂದರೆ ಮನಸ್ಸು ಒಪ್ಪುತ್ತದಾ?

ಹೌಸ್‌ಸರ್ಜನ್

ಮೇಷ್ಟ್ರೇ, ಆ ಮಾತು ಒಪ್ಪಿದೆ. ಕಷಾಯದ ಬಗ್ಗೆ ಒಂದೇ ಒಂದು ಸೇರಿಸುತ್ತೇನೆ. ಕೋವಿಡ್ ವರ್ಷಗಳಲ್ಲಿ ಅಮೃತಬಳ್ಳಿ ಕಷಾಯ ಕುಡಿಯದ ಮನೆ ಕಡಿಮೆ. 2020ರ ಕೊನೆಯಲ್ಲಿ ಮುಂಬೈನ ವೈದ್ಯರು ಹಾಗೆ ಕುಡಿಯುತ್ತಿದ್ದ 6 ಜನರಲ್ಲಿ ಲಿವರ್ ಪೆಟ್ಟಾಗಿದ್ದು ನೋಡಿ, 2021ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಆಯುಷ್ ಸಚಿವಾಲಯ ಇದನ್ನ ಒಪ್ಪಲಿಲ್ಲ, ಆ ಗಿಡ ಯಾವುದು ಅಂತ ಸರಿಯಾಗಿ ಗುರುತಿಸಿಲ್ಲ ಅಂದಿತು. ವಾದ ಇರಲಿ. ‘ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ’ ಅಂತ ಕಣ್ಣುಮುಚ್ಚಿ ತಿಂಗಳಾನುಗಟ್ಟಲೆ ಕುಡಿಯೋದು ಬೇಡ, ಅದರಲ್ಲೂ ಬೇರೆ ಮಾತ್ರೆ ತಗೊಳ್ಳೋರು.

ಎಂ.ಸಿ.ಸಿ. ಬಿ ಬ್ಲಾಕ್

ಮೇಷ್ಟ್ರು ಹೇಳಿದ ಪ್ರೀತಿ ಒಂದು ಕಡೆ. ಇನ್ನೊಂದು ಕಡೆ ಭಯ ಇದೆ, ಅದನ್ನ ಯಾರೂ ಎತ್ತಲಿಲ್ಲ.

2021ರ ಅಕ್ಟೋಬರ್ 29ರಂದು ಅಪ್ಪು ಹೋದಾಗ ನೆನಪಿದೆಯಲ್ಲ. 46 ವರ್ಷ, ದಿನಾ ಕಸರತ್ತು ಮಾಡೋ ಮನುಷ್ಯ. ಮಾರನೇ ದಿನದಿಂದ ಹೃದಯದ ಡಾಕ್ಟರುಗಳ ಮುಂದೆ ಕ್ಯೂ. ಜಿಮ್ಮಿಗೆ ಹೋಗಬೇಡ ಅಂತ ಅಮ್ಮಂದಿರ ಹಟ. 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿ ಬಂದಾಗಲೂ ಹಾಗೇ. ಟಿವಿಯಲ್ಲಿ ಒಂದೊಂದು ಸಾವನ್ನೂ ಎಣಿಸಿದರು, ಅದರ ತುಣುಕು ನಮ್ಮ ಫೋನಿಗೆ ಬಂತು, ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವವೇ ಜನ. ಕೋವಿಡ್ ಲಸಿಕೆಯಿಂದ ಅಂತ ಒಬ್ಬರು, ಇನ್ನೊಂದು ಅಂತ ಮತ್ತೊಬ್ಬರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಲಸಿಕೆಗೂ ಸಾವಿಗೂ ನಂಟು ಕಾಣಲಿಲ್ಲ ಅಂತ ಹೇಳಿತು. ಆ ವರದಿಯನ್ನ ಯಾರಾದರೂ ನಿಮಗೆ ಫಾರ್ವರ್ಡ್ ಮಾಡಿದ್ದರಾ? ನನಗೆ ಬಂದಿಲ್ಲ. ಹೆದರಿಸೋದು ಓಡುತ್ತದೆ, ಸಮಾಧಾನ ಹೇಳೋದು ಕುಂಟುತ್ತದೆ.

ಇದು ನನ್ನ ಊಹೆ ಮಾತ್ರ ಅಲ್ಲ. ಟ್ವಿಟರಿನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳನ್ನ ಅಮೆರಿಕದ ಸಂಶೋಧಕರು ನೋಡಿ 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಸುಳ್ಳು ಸುದ್ದಿ ನಿಜಕ್ಕಿಂತ ದೂರ, ನಿಜಕ್ಕಿಂತ ಬೇಗ ಹೋಗುತ್ತದೆ ಅಂತ ಲೆಕ್ಕ ಸಿಕ್ಕಿತು. ಹರಡಿದ್ದು ಯಂತ್ರಗಳಿಗಿಂತ ಜಾಸ್ತಿ ಮನುಷ್ಯರೇ. ಕೇಳದೇ ಇದ್ದದ್ದು, ಹೊಸದು, ಬೆಚ್ಚಿಬೀಳಿಸೋದು ಅಂದರೆ ನಮ್ಮ ಬೆರಳು ತಡೆಯಲ್ಲ. ಇನ್ನೂ ಹಳೇದು ಒಂದಿದೆ, 1977ರದ್ದು. ಒಂದೇ ವಾಕ್ಯವನ್ನ ಮತ್ತೆ ಮತ್ತೆ ಕೇಳಿಸಿದರೆ ಜನಕ್ಕೆ ಅದು ಹೆಚ್ಚು ನಿಜ ಅನ್ನಿಸುತ್ತೆ ಅಂತ ಆಗಲೇ ಪರೀಕ್ಷೆ ಮಾಡಿ ತೋರಿಸಿದ್ದರು. ಈಗ ನೀವೇ ಯೋಚಿಸಿ. ಬೀಗರ ಗ್ರೂಪು, ಅಪಾರ್ಟ್‌ಮೆಂಟ್ ಗ್ರೂಪು, ಹಳೇ ವಿದ್ಯಾರ್ಥಿಗಳ ಗ್ರೂಪು, ಮೂರರಲ್ಲೂ ಅದೇ ಮೆಸೇಜ್ ಬಂದರೆ ‘ಮೂರು ಕಡೆ ಬಂದಿದೆ, ನಿಜವೇ ಇರಬೇಕು’ ಅನ್ನಿಸದೆ ಇರುತ್ತಾ? ಬಂದಿದ್ದು ಒಂದೇ ಬಾವಿಯಿಂದ.

ಗಡಿಯಾರ ಕಂಬ

ಎದೆನೋವು ಬಂದರೆ ಜೋರಾಗಿ ಕೆಮ್ಮಿ ಅನ್ನೋ ಮೆಸೇಜ್ ನನಗೆ ಎಷ್ಟು ಸಲ ಬಂದಿದೆಯೋ. ಅದು ನಿಜಾನಾ ಡಾಕ್ಟ್ರೇ?

ಹೌಸ್‌ಸರ್ಜನ್

ಸುಳ್ಳು. ಕೆಮ್ಮುತ್ತಾ ಮನೆಯಲ್ಲಿ ಕೂತರೆ ಬೆಲೆಬಾಳೋ ಸಮಯ ಹೋಗುತ್ತದೆ. ಲಕ್ವ ಹೊಡೆದವರ ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೀರಿ ಅನ್ನೋದೂ ಸುಳ್ಳು. ಎರಡಕ್ಕೂ 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಅಪ್ಪು ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಬೇಕಿದ್ದರೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಹೊರಗಡೆ ಆ ಇಂಜೆಕ್ಷನ್‌ಗೆ ಸಾವಿರಾರು ರೂಪಾಯಿ. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೇದು. ಕೆಮ್ಮಿನ ಮೆಸೇಜಿನ ಬದಲು ಇದನ್ನ ಕಳಿಸಿ.

ಜಗಳೂರು ಆಶಾ ಅಕ್ಕ

ನಾನು ಆಶಾ ಕಾರ್ಯಕರ್ತೆ. ಎಲ್ಲರೂ ದೊಡ್ಡ ದೊಡ್ಡ ವಿಷಯ ಹೇಳ್ತಿದ್ದೀರಿ, ನಾನು ಬಾಗಿಲು ಬಡಿಯೋ ಕೆಲಸದ್ದು ಹೇಳುತ್ತೇನೆ.

2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಚುಚ್ಚುಮದ್ದು ಬಂತು. 9 ತಿಂಗಳಿನಿಂದ 15 ವರ್ಷದ ಒಳಗಿನ ಎಲ್ಲಾ ಮಕ್ಕಳಿಗೂ ಹಾಕಬೇಕಿತ್ತು. ಮೊದಲ ಸುತ್ತಿನಲ್ಲೇ ಕರ್ನಾಟಕ ಇತ್ತು. ಅಷ್ಟರಲ್ಲಿ ವಾಟ್ಸಾಪಿನಲ್ಲಿ ಸುಳ್ಳು ಬಂತು, ಮುಂದೆ ಮಕ್ಕಳಾಗಲ್ಲವಂತೆ, ವಿದೇಶದವರ ಪ್ರಯೋಗವಂತೆ ಅಂತ. ಹಾಕೋ ದಿನ ಶಾಲೆಗೇ ಮಕ್ಕಳನ್ನ ಕಳಿಸಲಿಲ್ಲ ಕೆಲವರು. ನಾವು ಪಾಂಪ್ಲೆಟ್ ಕೊಟ್ಟೆವು, ಯಾರೂ ಓದಲಿಲ್ಲ. ಮೈಕ್ ಕಟ್ಟಿ ಕೂಗಿದೆವು, ಹೂಂ ಅಂದರು ಅಷ್ಟೆ. ಕೊನೆಗೆ ನನ್ನ ಮಗಳಿಗೆ ಎಲ್ಲರ ಎದುರಿಗೇ ಹಾಕಿಸಿದೆ. “ನಿನ್ನ ಮಗಳಿಗೇ ಹಾಕಿಸಿದೆಯಾ ಹಂಗಾರೆ” ಅಂತ ಒಬ್ಬ ಅಜ್ಜಿ ಮೊಮ್ಮಗನನ್ನ ಎತ್ತಿಕೊಂಡು ಬಂದಳು. ಅವಳ ಹಿಂದೆ ಉಳಿದವರು. ನಂಬಿಕೆ ಹಾಳೆ ಮೇಲೆ ಇರಲ್ಲ ಸಾರ್, ಹೇಳೋರು ಯಾರು ಅನ್ನೋದರಲ್ಲಿ ಇರುತ್ತೆ. ವಾಟ್ಸಾಪಿನಲ್ಲೂ ಅದೇ ಆಗೋದು. ಕಳಿಸಿದ್ದು ತಮ್ಮನ ಹೆಂಡತಿ, ಪಕ್ಕದ ಮನೆ ಗೌರಮ್ಮ. ಬರೆದಿದ್ದು ಯಾರು ಅಂತ ಯಾರಿಗೆ ಬೇಕು.

ಡೆಂಗಿ ಬಂದಾಗಲೂ ನೋಡಿದ್ದೇನೆ. ಪರಂಗಿ ಎಲೆ ರಸ ಕುಡಿಸಿದರೆ ಪ್ಲೇಟ್‌ಲೆಟ್ ಏರುತ್ತೆ ಅಂತ ಎಲ್ಲರ ಫೋನಲ್ಲೂ ಇದೆ. ಕಹಿಗೆ ಮಗು ವಾಂತಿ ಮಾಡುತ್ತೆ, ಕುಡಿದ ನೀರೂ ಹೋಗುತ್ತೆ. ಡೆಂಗಿಯಲ್ಲಿ ನೀರು, ಗಂಜಿ, ಓಆರ್‌ಎಸ್ ಒಳಗೆ ಉಳಿಯೋದೇ ಮುಖ್ಯ. ಜ್ವರ ಬಿಟ್ಟ ಮೇಲೂ ಒಂದೆರಡು ದಿನ ಹುಷಾರಾಗಿರಬೇಕು, ಹೊಟ್ಟೆ ನೋವು, ಒಸಡಿನಲ್ಲಿ ರಕ್ತ, ತುಂಬಾ ಸುಸ್ತು ಕಂಡರೆ ಓಡಬೇಕು. ಮೈಕೈ ನೋವಿಗೆ ಅಂತ ಬ್ರೂಫೆನ್, ಡೈಕ್ಲೋಫೆನಾಕ್ ನುಂಗಿಸಬಾರದು, ರಕ್ತ ಸೋರೋದು ಜಾಸ್ತಿ ಆಗುತ್ತೆ. ಪ್ಯಾರಾಸಿಟಮಾಲ್ ಸಾಕು. ಇದನ್ನೆಲ್ಲ ಈಗ ನಾನೇ ಆಡಿಯೋ ಮಾಡಿ ಊರ ಗ್ರೂಪಿಗೆ ಹಾಕುತ್ತೇನೆ. ನನ್ನ ದನಿ ಗೊತ್ತಲ್ಲ, ಕೇಳ್ತಾರೆ.

ಹೆಸರು ಬೇಡ

ಎಲ್ಲರೂ ಕೆಟ್ಟದ್ದನ್ನೇ ಹೇಳುತ್ತಿದ್ದೀರಿ. ನನಗೆ ಒಳ್ಳೆಯದಾಗಿದ್ದೂ ಇದರಿಂದಲೇ, ಹಾಗಾಗಿ ಬರೆಯುತ್ತಿದ್ದೇನೆ.

ಹೆರಿಗೆಯಾದ ಮೇಲೆ ನನಗೆ ಅಳು ನಿಲ್ಲುತ್ತಿರಲಿಲ್ಲ. ಮಗು ಮುಟ್ಟೋಕೂ ಬೇಡ ಅನ್ನಿಸುತ್ತಿತ್ತು. ಮನೆಯಲ್ಲಿ ಹೇಳಿದರೆ ‘ಬಾಣಂತಿ ಹಾಗೆಲ್ಲ ಅನ್ನಬಾರದು’. ಅತ್ತೆ ಪಕ್ಕದಲ್ಲಿ ಕೂತಿರುವಾಗ ಡಾಕ್ಟರ ಮುಂದೆ ಹೇಳೋದು ಹೇಗೆ? ರಾತ್ರಿ ಮಗುವಿಗೆ ಹಾಲು ಕೊಡುತ್ತಾ ಫೋನ್ ನೋಡುತ್ತಿದ್ದಾಗ ಒಬ್ಬರು ಮನೋವೈದ್ಯೆ ಕನ್ನಡದಲ್ಲೇ ಮಾತಾಡಿದ ವಿಡಿಯೋ ಬಂತು. ಹೆರಿಗೆ ನಂತರದ ಖಿನ್ನತೆ ಅಂತ ಒಂದು ಕಾಯಿಲೆ ಇದೆ, ಬೇರೆಯವರಿಗೂ ಬರುತ್ತೆ, ವಾಸಿಯಾಗುತ್ತೆ ಅಂತ ಮೊದಲು ಗೊತ್ತಾಗಿದ್ದು ಅಲ್ಲಿ. ಆಮೇಲೆ ತವರಿಗೆ ಹೋದಾಗ ಅಮ್ಮನ ಜೊತೆ ಹೋಗಿ ಡಾಕ್ಟರಿಗೆ ತೋರಿಸಿದೆ. ಮುಟ್ಟಿನ ತೊಂದರೆ, ಬಿಳಿಮುಟ್ಟು, ಪಿಸಿಓಡಿ ಅನ್ನೋ ಅಂಡಾಶಯದ ತೊಂದರೆ, ಗಂಡ ಹೆಂಡತಿ ನಡುವಿನ ವಿಷಯ, ಇವನ್ನೆಲ್ಲ ನಮ್ಮ ಊರಲ್ಲಿ ಯಾರ ಹತ್ತಿರ ಬಾಯಿಬಿಡೋದು? ಹುಡುಗರಿಗೂ ಅವರದ್ದೇ ಇರುತ್ತವೆ. ಫೋನಿಗೆ ನಾಚಿಕೆ ಇಲ್ಲ, ಅದು ನಮ್ಮನ್ನ ಬೈಯಲ್ಲ, ಬೀದಿಗೆ ಹೇಳಲ್ಲ.

ಬೇಕಾದವರಿಗೆ ಇರಲಿ ಅಂತ ಹಾಕುತ್ತಿದ್ದೇನೆ, ಮನಸ್ಸಿನ ತೊಂದರೆಗೆ ಟೆಲಿಮಾನಸ್ 14416, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಉಳಿದ ಆರೋಗ್ಯದ ಪ್ರಶ್ನೆಗೆ 104 ಇದೆ.

ಎಂ.ಸಿ.ಸಿ. ಬಿ ಬ್ಲಾಕ್

ಅಕ್ಕಾ, ನೀವು ಬರೆದಿದ್ದು ಒಳ್ಳೇದಾಯಿತು. ಆದರೆ ಅದೇ ನಾಚಿಕೆಯನ್ನೇ ಮಾರಾಟಗಾರರೂ ಹಿಡಿದುಕೊಂಡಿದ್ದಾರೆ. ಒಂದು ಸಲ ಅಂಥ ವಿಡಿಯೋ ಪೂರ್ತಿ ನೋಡಿದರೆ ಸಾಕು, ಮುಂದಿನ ವಾರವೆಲ್ಲ ಅದೇ ತರದ್ದು ಬರುತ್ತದೆ. ಮೊದಲು ಸಲಹೆ, ಆಮೇಲೆ ಪುಡಿ ಡಬ್ಬಿ, ಕೆಳಗೆ ಲಿಂಕ್.

ಕಾನೂನು ಇಲ್ಲದೇ ಇಲ್ಲ. ಮಾಂತ್ರಿಕ ಔಷಧಗಳ ಜಾಹೀರಾತು ತಡೆಯೋ ಕಾಯ್ದೆ 1954ರಲ್ಲೇ ಬಂದಿದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಲಕ್ವ, ಬಿಪಿ, ಕಿಡ್ನಿ ಕಲ್ಲು ಸೇರಿ 54 ಕಾಯಿಲೆ, ತೊಂದರೆಗಳ ಪಟ್ಟಿ ಇದೆ, ಇವನ್ನ ವಾಸಿ ಮಾಡುತ್ತೇವೆ ಅಂತ ಔಷಧದ ಜಾಹೀರಾತು ಕೊಡುವಂತಿಲ್ಲ. 2023ರ ಆಗಸ್ಟಿನಲ್ಲಿ ಕೇಂದ್ರದ ಗ್ರಾಹಕ ಇಲಾಖೆಯೂ ಹೇಳಿತು, ಆರೋಗ್ಯ ತಜ್ಞರ ಹಾಗೆ ಮಾತಾಡೋ ಇನ್‌ಫ್ಲುಯೆನ್ಸರುಗಳು ತಮ್ಮ ಮಾತು ಡಾಕ್ಟರ ಸಲಹೆಗೆ ಬದಲಿ ಅಲ್ಲ ಅಂತ ತಿಳಿಸಲೇಬೇಕು ಅಂತ. ಈಗ ಕೆಲವರು ತಿಳಿಸುತ್ತಾರೆ, ಕೊನೆಯ ಸೆಕೆಂಡಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ.

ಡಬ್ಬಿ ಮೇಲೆ ಎಫ್‌ಎಸ್‌ಎಸ್‌ಎಐ ಅಂತ 14 ಅಂಕಿಯ ನಂಬರ್ ಇರುತ್ತಲ್ಲ, ಅದನ್ನ ತೋರಿಸಿ ‘ಸರ್ಕಾರ ಒಪ್ಪಿದ ಮದ್ದು’ ಅನ್ನುತ್ತಾರೆ. ಅದು ಆಹಾರದ ಲೈಸೆನ್ಸ್. ಮಂಡಕ್ಕಿ ಪೊಟ್ಟಣಕ್ಕೂ ಅದೇ ಇರುತ್ತೆ. ಇನ್ನು ದೇವಿ ಶೆಟ್ಟಿಯವರ ಹೆಸರು ಹಾಕಿದ ನಕಲಿ ಮೆಸೇಜುಗಳ ಲೆಕ್ಕ ಇಟ್ಟವರಿಲ್ಲ. ದೊಡ್ಡ ಡಾಕ್ಟರ ಹೆಸರು ಮೇಲೆ ಇದ್ದಷ್ಟೂ ಒಳಗಿರೋದನ್ನ ಎರಡು ಸಲ ನೋಡಬೇಕು.

ಔಷಧಿ ಅಂಗಡಿ, ನಿಟ್ಟುವಳ್ಳಿ

ವಾಟ್ಸಾಪಿನವರೂ ಏನೂ ಮಾಡಿಲ್ಲ ಅಂತಲ್ಲ. 2018ರಿಂದ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದೇ ಕಡೆಗೆ ಫಾರ್ವರ್ಡ್. 2020ರ ಏಪ್ರಿಲ್‌ನಿಂದ, ತುಂಬಾ ಸಲ ಫಾರ್ವರ್ಡ್ ಆಗಿ ಎರಡು ಬಾಣದ ಗುರುತು ಬಿದ್ದ ಮೆಸೇಜ್ ಆದರೆ ಒಂದು ಸಲಕ್ಕೆ ಒಂದೇ ಕಡೆಗೆ. ನಮ್ಮವರು ಅದಕ್ಕೂ ದಾರಿ ಕಂಡುಕೊಂಡಿದ್ದಾರೆ, ಕಾಪಿ ಮಾಡಿ ಪೇಸ್ಟ್ ಮಾಡುತ್ತಾರೆ. ಬಾಣವೇ ಇರಲ್ಲ. ಸ್ವಂತ ಬರೆದ ಹಾಗೆ ಕಾಣುತ್ತೆ.

ಕುಂದವಾಡ ಕೆರೆ ಮೇಷ್ಟ್ರು

ಅದನ್ನ ಯಾಕಪ್ಪಾ ಬಯಲು ಮಾಡಿದೆ.

ಚಳ್ಳಕೆರೆ ಶೇಂಗಾ

ಒಂದು ವಿಷಯ ಯಾರೂ ಹೇಳಲಿಲ್ಲ. ಈ ವಿಡಿಯೋಗಳು ನಮ್ಮ ಊರಿಗೆ ಅಂತ ಮಾಡಿದ್ದಲ್ಲ.

ನಮ್ಮ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅನ್ನೋದು ಹೊಸ ಸುದ್ದಿ ಏನಲ್ಲ. ಹಲ್ಲು ಹಳದಿ, ಕಂದು ಗೆರೆ, ವಯಸ್ಸಾದ ಮೇಲೆ ಕತ್ತು, ಸೊಂಟ ಬಗ್ಗಲ್ಲ. ಒಂದು ಲೀಟರ್ ನೀರಿಗೆ 1.5 ಮಿಲಿಗ್ರಾಂ ದಾಟಬಾರದು. ನಮ್ಮ ಅಕ್ಕ ಯಾವುದೋ ವಿಡಿಯೋ ನೋಡಿ, ಫಿಲ್ಟರ್ ನೀರಿನಲ್ಲಿ ಸತ್ವ ಇಲ್ಲ, ಬೋರ್ ನೀರನ್ನೇ ಚೆನ್ನಾಗಿ ಕುದಿಸಿ ತಾಮ್ರದ ಬಿಂದಿಗೆಯಲ್ಲಿಟ್ಟು ಕುಡಿಯಿರಿ ಅಂದರು ಅಂತ ಶುದ್ಧ ನೀರಿನ ಘಟಕಕ್ಕೆ ಹೋಗೋದೇ ಬಿಟ್ಟಿದ್ದಳು. ಕುದಿಸಿದರೆ ಕ್ರಿಮಿ ಸಾಯುತ್ತೆ ಹೊರತು ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅದು ಇನ್ನಷ್ಟು ಗಟ್ಟಿಯಾಗುತ್ತೆ. ತಾಮ್ರದಿಂದಲೂ ಹೋಗಲ್ಲ. ಮಲೆನಾಡಿನ ಬಾವಿ ನೀರಿಗೆ ಕುದಿಸಿ ಕುಡಿಯೋ ಸಲಹೆ ಸರಿ ಇರಬಹುದು. ಚಳ್ಳಕೆರೆ, ಮೊಳಕಾಲ್ಮೂರು ಬೋರಿಗೆ ಅಲ್ಲ. ವಿಡಿಯೋ ಮಾಡಿದವನಿಗೆ ನಮ್ಮ ನೆಲದ ಕೆಳಗೆ ಏನಿದೆ ಅಂತ ಗೊತ್ತಾ?

ಹದಡಿ ರೋಡ್ ಸೊಸೆ

ಎಲ್ಲರಿಗೂ ಥ್ಯಾಂಕ್ಸ್. ಶೇಂಗಾ ಅವರು ಹೇಳಿದ್ದನ್ನ ಓದಿದ ಮೇಲೆ ನನಗೊಂದು ಹೊಳೆಯಿತು. ಅತ್ತೆ ಆ ವಿಡಿಯೋದಲ್ಲಿ ಹುಡುಕಿದ್ದು ಔಷಧಿಯನ್ನೇ ಅಲ್ಲ, ಊಟವನ್ನ. ಏನು ತಿನ್ನಬೇಕು, ಏನು ಬಿಡಬೇಕು. ನಮ್ಮ ಹಿರಿಯರಿಗೆ ಪಥ್ಯ ಹೇಳದ ವೈದ್ಯ ಅರ್ಧ ವೈದ್ಯ. ಆಸ್ಪತ್ರೆಯಲ್ಲಿ ಕೊಟ್ಟ ಚಾರ್ಟ್ ತೆಗೆದು ನೋಡಿದೆ. ಇಂಗ್ಲಿಷಿನಲ್ಲಿ ಓಟ್ಸ್, ಬ್ರೊಕೊಲಿ, ಬ್ರೌನ್ ಬ್ರೆಡ್. ನಮ್ಮ ಮನೆಯಲ್ಲಿ ಬೆಳಿಗ್ಗೆ ಅವಲಕ್ಕಿ ಇಲ್ಲ ದೋಸೆ, ಮಧ್ಯಾಹ್ನ ರೊಟ್ಟಿ ಪಲ್ಯ, ಸಂಜೆ ಮಂಡಕ್ಕಿ ಮಿರ್ಚಿ, ರಾತ್ರಿ ಮುದ್ದೆ. ಇದರಲ್ಲಿ ಯಾವುದು ಎಷ್ಟು ಅಂತ ಚಾರ್ಟಿನಲ್ಲಿ ಒಂದಕ್ಷರ ಇಲ್ಲ. ಯೂಟ್ಯೂಬಿನವನು ಮಾತ್ರ ಮುದ್ದೆ ಹೆಸರೆತ್ತಿ ಮಾತಾಡಿದ್ದಾನೆ.

ಡಾಕ್ಟ್ರೇ, ಮುದ್ದೆ ತಿನ್ನಬಹುದಾ? ಅವನು ಎಷ್ಟು ಬೇಕಾದರೂ ತಿನ್ನಿ ಅಂದಿದ್ದಾನಂತೆ.

ಹೌಸ್‌ಸರ್ಜನ್

ತಿನ್ನಬಹುದು, ಎಷ್ಟು ಬೇಕಾದರೂ ಅಲ್ಲ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಚೆನ್ನಾಗಿದೆ, ಆದರೆ ಪಿಷ್ಟವೂ ಅಕ್ಕಿಯ ಹತ್ತಿರ ಹತ್ತಿರ ಇದೆ. ದೊಡ್ಡ ಮುದ್ದೆ ತಿಂದರೆ ಶುಗರ್ ಏರಿಯೇ ಏರುತ್ತೆ. ಚಿಕ್ಕದು ಒಂದು, ಜೊತೆಗೆ ಸೊಪ್ಪಿನ ಸಾರೋ ಹುರುಳಿ ಸಾರೋ ಜಾಸ್ತಿ. ಜೋಳದ ರೊಟ್ಟಿ ಸರಿ, ಪಲ್ಯ ಹೆಚ್ಚು ಹಾಕಿಕೊಳ್ಳಲಿ. ಮಂಡಕ್ಕಿ ಹಗುರ ಅಂತ ಮೋಸ ಹೋಗಬೇಡಿ, ಅದು ಅಕ್ಕಿಯೇ, ಬೇಗ ಸಕ್ಕರೆ ಆಗುತ್ತೆ. ಅದರ ಜೊತೆ ಹುರಿಗಡಲೆ, ಶೇಂಗಾ ಇರಲಿ, ಪ್ರಮಾಣ ಕಮ್ಮಿ ಇರಲಿ. ಮಿರ್ಚಿ ಬಗ್ಗೆ ನಾನು ಬಾಯಿಬಿಡಲ್ಲ, ಈ ಊರಲ್ಲಿ ಇರಬೇಕಲ್ಲ. ಮಾತ್ರೆ ಎಷ್ಟು ಅನ್ನೋದನ್ನ ಮಾತ್ರ ಅವರನ್ನು ನೋಡುತ್ತಿರೋ ಡಾಕ್ಟರೇ ಹೇಳಬೇಕು, ಇಲ್ಲಿ ಕೇಳಬೇಡಿ.

ದುರ್ಗದ ಹೈದ

ಶೇಂಗಾ ಅಣ್ಣ, ನಮ್ಮ ಬೋರ್ ನೀರು ಪರೀಕ್ಷೆ ಮಾಡಿಸೋದು ಎಲ್ಲಿ?

ಚಳ್ಳಕೆರೆ ಶೇಂಗಾ

ಮೊದಲು ಪಂಚಾಯ್ತಿಯಲ್ಲಿ ಕೇಳು. ಜಲಜೀವನ್ ಮಿಷನ್ನಿನಲ್ಲಿ ನೀರು ಪರೀಕ್ಷೆ ಕಿಟ್ ಕೊಟ್ಟು, ಊರ ಹೆಣ್ಣುಮಕ್ಕಳಿಗೇ ಕಲಿಸಿದ್ದಾರೆ. ಸರಿಯಾದ ಅಂಕಿ ಬೇಕಂದರೆ ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಪ್ರಯೋಗಾಲಯ ಇದೆ, ಅಲ್ಲಿಗೆ ಕೊಡು. ಶುಭ್ರವಾದ ಪ್ಲಾಸ್ಟಿಕ್ ಬಾಟಲಿ ತಗೊಂಡು, ಅದೇ ನೀರಲ್ಲಿ ಎರಡು ಸಲ ಗಲಬರಿಸಿ, ಮೋಟರ್ ಹಾಕಿ ಸ್ವಲ್ಪ ಹೊತ್ತು ಹರಿಯಬಿಟ್ಟು ಆಮೇಲೆ ತುಂಬಿಸು. ಬೋರ್ ಯಾವುದು, ತಾರೀಕು ಎಷ್ಟು ಅಂತ ಚೀಟಿ ಅಂಟಿಸು. ರಿಪೋರ್ಟ್ ಬಂದರೆ ಇಲ್ಲಿ ಹಾಕು, ನಮ್ಮ ಪಕ್ಕದ ಊರೇ ಅಲ್ವಾ ನಿಂದು.